ಬದುಕಿದ್ದವಳನ್ನು ಸತ್ತವಳೆಂದು ಬಗೆದ ಶಾಸನ: ಹದಿನೈದನೆಯ ಶತಮಾನದ ಇಂಗ್ಲೆಂಡಿನ ದಾಯಾದಿ ಕಲಹ

ಸಭಿಕರಿಗೆಲ್ಲ ನಮಸ್ಕಾರ. 1474ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ವಿಚಿತ್ರ ಶಾಸನವನ್ನು ಮಾಡಿತು. ವಾರಿಕ್‌ನ ಕೌಂಟೆಸ್ (‘ಅರ್ಲ್’ ಪದವಿಯ ಸಾಮಂತನ ಹೆಂಡತಿ) ಆನ್ ಬೀಚಮ್ ಎಂಬ ನಲವತ್ತೇಳು ವರ್ಷದ ವಿಧವೆ ಆಗ ಬದುಕಿದ್ದಳು. ಬದುಕಿದ್ದಾಳೆಂಬುದು ರಾಜ ನಾಲ್ಕನೆಯ ಎಡ್ವರ್ಡನಿಗೆ ಗೊತ್ತಿತ್ತು, ಆಕೆಯ ಇಬ್ಬರು ಅಳಿಯಂದಿರಿಗೆ ಗೊತ್ತಿತ್ತು, ಶಾಸನಕ್ಕೆ ಒಪ್ಪಿಗೆ ಕೊಟ್ಟ ಸದಸ್ಯರಿಗೂ ಗೊತ್ತಿತ್ತು. ಆದರೂ ಆಕೆ ಸಹಜ ಮರಣ ಹೊಂದಿದ್ದರೆ ಆಸ್ತಿ ಹೇಗೆ ಹಂಚಿಕೆಯಾಗುತ್ತಿತ್ತೋ ಹಾಗೆಯೇ ಈಗಿಂದೀಗಲೇ ಇಬ್ಬರು ಹೆಣ್ಣುಮಕ್ಕಳ ನಡುವೆ, ಎಂದರೆ ಅವರ ಗಂಡಂದಿರ ನಡುವೆ, ಹಂಚಿಕೆಯಾಗತಕ್ಕದ್ದು ಎಂದು ಶಾಸನ ವಿಧಿಸಿತು. ಆ ಅಳಿಯಂದಿರಿಬ್ಬರೂ ರಾಜನ ಸ್ವಂತ ತಮ್ಮಂದಿರು. ಅವರಲ್ಲಿ ಕಿರಿಯವನು ಒಂಬತ್ತು ವರ್ಷಗಳ ಬಳಿಕ ಮೂರನೆಯ ರಿಚರ್ಡ್ ಎಂಬ ಹೆಸರಿನಿಂದ ಪಟ್ಟವೇರಿದ.

ಇಂದು ನಾನು ಮಾತನಾಡಬೇಕಾಗಿರುವುದು ‘ಗುಲಾಬಿಗಳ ಯುದ್ಧ’ಗಳೆಂದು ಪ್ರಸಿದ್ಧವಾಗಿರುವ, 1455ರಿಂದ 1487ರವರೆಗೆ ಬಿಟ್ಟುಬಿಟ್ಟು ನಡೆದ ಹೋರಾಟವನ್ನು ಕುರಿತು. ಯಾರ್ಕ್ ಮನೆತನದ ಗುರುತು ಬಿಳಿ ಗುಲಾಬಿ, ಲ್ಯಾಂಕಾಸ್ಟರ್ ಮನೆತನದ ಗುರುತು ಕೆಂಪು ಗುಲಾಬಿ, ಎರಡೂ ಸಿಂಹಾಸನಕ್ಕಾಗಿ ಮೂವತ್ತು ವರ್ಷ ಹೊಡೆದಾಡಿದವು ಎಂದು ಶಾಲೆಯಲ್ಲಿ ಓದಿದ ನೆನಪು ನಿಮ್ಮಲ್ಲಿ ಹಲವರಿಗೆ ಇರಬಹುದು. ಆ ಚಿತ್ರ ಅಂದವಾಗಿದೆ, ಆದರೆ ಬಹುಮಟ್ಟಿಗೆ ಆಮೇಲೆ ಬಿಡಿಸಿದ್ದು. ಬಿಳಿ ಗುಲಾಬಿ ಯಾರ್ಕ್ ಮನೆತನದ ಹಲವು ಲಾಂಛನಗಳಲ್ಲಿ ಒಂದಾಗಿತ್ತು, ಅಷ್ಟೇ. ಕೆಂಪು ಗುಲಾಬಿ ಎದ್ದು ಕಾಣತೊಡಗಿದ್ದು ಹೋರಾಟದ ಕೊನೆಯ ಹಂತದಲ್ಲಿ, ಮುಂದೆ ಏಳನೆಯ ಹೆನ್ರಿಯಾಗಿ ಪಟ್ಟವೇರಿದ ಹೆನ್ರಿ ಟ್ಯೂಡರ್‌ನ ಕಾಲಕ್ಕೆ; ‘ಗುಲಾಬಿಗಳ ಯುದ್ಧ’ ಎಂಬ ಹೆಸರು ಜನಪ್ರಿಯವಾದದ್ದಂತೂ ಹತ್ತೊಂಬತ್ತನೆಯ ಶತಮಾನದಲ್ಲಿ. ಆ ದಿನಗಳ ರಣರಂಗದಲ್ಲಿ ಸೈನಿಕನು ತೊಟ್ಟಿರುತ್ತಿದ್ದುದು ತನ್ನ ಒಡೆಯನ ಗುರುತನ್ನು: ವಾರಿಕ್‌ನವರದ್ದು ಕರಡಿ ಮತ್ತು ಗಂಟುಗಂಟಾದ ದೊಣ್ಣೆ, ನಾಲ್ಕನೆಯ ಎಡ್ವರ್ಡನದ್ದು ಕಿರಣ ಚೆಲ್ಲುವ ಸೂರ್ಯ, ಮೂರನೆಯ ರಿಚರ್ಡನದ್ದು ಬಿಳಿಯ ಹಂದಿ. ಎರಡು ಬಣ್ಣಗಳಲ್ಲ, ಹತ್ತಾರು ಮನೆತನಗಳು, ಮನೆತನಕ್ಕೊಂದು ಲೆಕ್ಕಾಚಾರ. ಈ ಲೆಕ್ಕಾಚಾರದ ಕೇಂದ್ರದಲ್ಲಿದ್ದದ್ದು ಕಿರೀಟಕ್ಕಿಂತ ಮೊದಲು ಜಮೀನು. ಆ ಜಮೀನು ಕೈ ಬದಲಾಯಿಸುತ್ತಿದ್ದುದು ಬಹುತೇಕ ಹೆಣ್ಣುಮಕ್ಕಳ ಮೂಲಕ. ಆದಕಾರಣ ಈ ಕಥೆಯನ್ನು ರಾಜರ ಪಟ್ಟಿಯಿಂದ ಹೇಳದೆ ಕೌಂಟೆಸ್ ಆನ್‌ಳ ಆಸ್ತಿಯ ಜಾಡಿನಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಇದನ್ನು ದಾಯಾದಿ ಕಲಹವೆಂದು ನಾನು ಕರೆದಿದ್ದೇನೆ. ಒಂದು ಎಚ್ಚರಿಕೆಯೊಡನೆ ಆ ಮಾತನ್ನು ಬಳಸಬೇಕು. ನಮ್ಮಲ್ಲಿ ದಾಯಾದಿಯೆಂದರೆ ಪಾಲಿಗೆ ಹಕ್ಕುಳ್ಳವನು. ಅಣ್ಣತಮ್ಮಂದಿರು ಪಾಲು ಕೇಳಿ ಬೇರೆಯಾಗುತ್ತಾರೆ. ಇಂಗ್ಲೆಂಡಿನ ದೊಡ್ಡ ಮನೆತನಗಳಲ್ಲಿ ಗಂಡುಮಕ್ಕಳ ನಡುವೆ ಪಾಲೆಂಬುದೇ ಇರಲಿಲ್ಲ. ಹಿರಿಯ ಮಗನಿಗೆ ಎಲ್ಲವೂ, ಕಿರಿಯರಿಗೆ ತಂದೆ ಬದುಕಿರುವಾಗ ಏರ್ಪಾಡು ಮಾಡಿದಷ್ಟು ಮಾತ್ರ. ಆದರೆ ಗಂಡುಮಕ್ಕಳಿಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಸಮಪಾಲು. ಆ ಪಾಲನ್ನು ಅನುಭವಿಸುವವನು ಗಂಡ. ಗಂಡ ಸತ್ತರೆ ಅವನ ಆಸ್ತಿಯ ಮೂರನೆಯ ಒಂದು ಭಾಗ ವಿಧವೆಗೆ, ಆಕೆ ಬದುಕಿರುವ ತನಕ. ಇಷ್ಟು ನಿಯಮಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಕಿರಿಯ ಮಗನಾಗಿ ಹುಟ್ಟಿದ ಕುಲೀನನೊಬ್ಬನು ಏಕೆ ಉತ್ತರಾಧಿಕಾರಿಣಿಯೊಬ್ಬಳನ್ನು ಹುಡುಕಿಕೊಂಡು ಹೋಗುತ್ತಿದ್ದನೆಂಬುದೂ, ದೀರ್ಘಾಯುಷಿಯಾದ ವಿಧವೆಯನ್ನು ಕಂಡರೆ ಮಗ ಮೊಮ್ಮಕ್ಕಳು ಏಕೆ ಹಲ್ಲು ಕಡಿಯುತ್ತಿದ್ದರೆಂಬುದೂ ತಾನಾಗಿ ಅರ್ಥವಾಗುತ್ತದೆ.

ಕಿರೀಟಕ್ಕೆ ಈ ನಿಯಮಗಳು ಅನ್ವಯಿಸುತ್ತವೆಯೇ ಎಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ. ಮೂರನೆಯ ಎಡ್ವರ್ಡ್ 1377ರಲ್ಲಿ ತೀರಿಕೊಂಡಾಗ ಅವನ ಹಿರಿಯ ಮಗ ಅದಾಗಲೇ ಸತ್ತಿದ್ದ. ಮೊಮ್ಮಗ ಎರಡನೆಯ ರಿಚರ್ಡ್ ರಾಜನಾದ. ಎರಡನೆಯ ರಿಚರ್ಡನನ್ನು 1399ರಲ್ಲಿ ಪದಚ್ಯುತಗೊಳಿಸಿ ಸಿಂಹಾಸನವೇರಿದ ನಾಲ್ಕನೆಯ ಹೆನ್ರಿಯು ಎಡ್ವರ್ಡನ ಇನ್ನೊಬ್ಬ ಮಗನಾದ ಲ್ಯಾಂಕಾಸ್ಟರ್ ಡ್ಯೂಕ್ ಜಾನ್ ಆಫ್ ಗಾಂಟ್‌ನ ಮಗ. ಆದರೆ ಜಾನ್‌ಗಿಂತ ಹಿರಿಯನಾದ ಲಯನಲ್ ಎಂಬವನಿಗೆ ಮಗಳೊಬ್ಬಳಿದ್ದಳು, ಆ ಮಗಳಿಗೆ ಸಂತಾನವಿತ್ತು. ಹೆಣ್ಣಿನ ಮೂಲಕ ಜಮೀನು ಇಳಿದು ಬರುವಂತೆ ಕಿರೀಟವೂ ಇಳಿದು ಬರುವುದಾದರೆ ಲ್ಯಾಂಕಾಸ್ಟರ್ ವಂಶದ್ದು ಅತಿಕ್ರಮಣ. ಬರುವುದಿಲ್ಲವೆಂದಾದರೆ ಅದು ನ್ಯಾಯವಾದ ಹಕ್ಕು. ಯಾರ್ಕ್‌ನ ಡ್ಯೂಕ್ ರಿಚರ್ಡ್ ತಂದೆಯ ಕಡೆಯಿಂದ ಎಡ್ವರ್ಡನ ಕಿರಿಯ ಮಗ ಎಡ್ಮಂಡನ ಮೊಮ್ಮಗ, ತಾಯಿ ಆನ್ ಮಾರ್ಟಿಮರಳ ಕಡೆಯಿಂದ ಲಯನಲ್‌ನ ಸಂತತಿ. ಲಯನಲ್‌ನಿಂದ ಅವನವರೆಗೆ ಎಣಿಸಿದರೆ ನಡುವೆ ಇಬ್ಬರು ಹೆಣ್ಣುಮಕ್ಕಳು ಬರುತ್ತಾರೆ.

ಇಂಥ ಪ್ರಶ್ನೆಗಳು ಸಮರ್ಥ ರಾಜನಿರುವಾಗ ಏಳುವುದಿಲ್ಲ. ಫ್ರಾನ್ಸಿನಲ್ಲಿ ಅಜಿನ್‌ಕೋರ್ಟ್ ಕದನವನ್ನು ಗೆದ್ದ ಐದನೆಯ ಹೆನ್ರಿಯನ್ನು ನಿನ್ನ ಅಜ್ಜನ ಅಣ್ಣನ ಮರಿಮಕ್ಕಳು ಎಲ್ಲಿ ಎಂದು ಗಟ್ಟಿಯಾಗಿ ಕೇಳಿದವರು ಕಡಿಮೆ. ಕೇಳಿದ ಕೇಂಬ್ರಿಡ್ಜ್ ಅರ್ಲ್‌ನ ತಲೆ 1415ರಲ್ಲಿ ಉರುಳಿತು. ಅವನೇ ಯಾರ್ಕ್ ಡ್ಯೂಕ್‌ನ ತಂದೆ. ಐದನೆಯ ಹೆನ್ರಿ 1422ರಲ್ಲಿ ತೀರಿಕೊಂಡಾಗ ಮಗ ಆರನೆಯ ಹೆನ್ರಿ ಒಂಬತ್ತು ತಿಂಗಳ ಕೂಸು. ಬೆಳೆದ ಮೇಲೂ ಅವನು ಸಾಧುವಾಗಿಯೇ ಉಳಿದ, ದೈವಭಕ್ತನಾಗಿ ಉಳಿದ, ಕೇಳಿದವರಿಗೆ ಕೇಳಿದ್ದನ್ನು ಕೊಡುವವನಾಗಿ ಉಳಿದ. ಸಾಧು ಮನುಷ್ಯನ ಬಗ್ಗೆ ಕಟುವಾಗಿ ಹೇಳಲು ಮನಸ್ಸು ಬಾರದು. ಆದರೆ ಇಬ್ಬರು ಒಂದೇ ಜಮೀನಿಗಾಗಿ ಬಡಿದಾಡುವಾಗ ನಡುವೆ ನಿಂತು ತೀರ್ಪು ಕೊಟ್ಟು ಅದನ್ನು ನಡೆಸುವುದು ಆ ಕಾಲದ ರಾಜನ ಮೊದಲ ಕೆಲಸವಾಗಿತ್ತು, ಮತ್ತು ಆ ಕೆಲಸ ಅವನ ಕೈಯಲ್ಲಿ ಆಗಲಿಲ್ಲ.

ಈಗ ಆನ್‌ಳ ಕಡೆಗೆ ಬರೋಣ. ಆಕೆ ವಾರಿಕ್ ಅರ್ಲ್ ರಿಚರ್ಡ್ ಬೀಚಮ್‌ನ ಎರಡನೆಯ ಹೆಂಡತಿಯ ಮಗಳು. ಬಾಲ್ಯದಲ್ಲೇ ಆಕೆಯ ಮದುವೆ ಸಾಲ್ಸ್‌ಬರಿ ಅರ್ಲ್‌ನ ಮಗ ರಿಚರ್ಡ್ ನೆವಿಲ್‌ನೊಂದಿಗೆ ನಡೆಯಿತು. ಆಕೆಯ ಅಣ್ಣನಿಗೆ ನೆವಿಲ್ ಮನೆತನದ ಹುಡುಗಿಯನ್ನು ತಂದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಸಾಟಿ ಮದುವೆ. ಆಗ ಆನ್‌ಳಿಗೆ ವಿಶೇಷವಾದ ಆಸ್ತಿಯೇನೂ ಬರುವಂತಿರಲಿಲ್ಲ, ಏಕೆಂದರೆ ಅಣ್ಣನಿದ್ದ. ಅಣ್ಣ 1446ರಲ್ಲಿ ಎಳೆ ಹರೆಯದಲ್ಲೇ ಸತ್ತ. ಅವನ ಪುಟ್ಟ ಮಗಳು 1449ರಲ್ಲಿ ಸತ್ತಳು. ಒಡಹುಟ್ಟಿದವರಲ್ಲಿ ಒಂದೇ ತಾಯಿತಂದೆಯ ಮಕ್ಕಳಿಗೆ ಮೊದಲ ಹಕ್ಕೆಂಬ ನಿಯಮದಂತೆ ಇಡೀ ಬೀಚಮ್ ಆಸ್ತಿ ಆನ್‌ಳ ಪಾಲಾಯಿತು. ಅಪ್ಪನ ಮೊದಲ ಹೆಂಡತಿಗೆ ಮೂವರು ಹೆಣ್ಣುಮಕ್ಕಳಿದ್ದರು, ಮೂವರೂ ಆನ್‌ಳಿಗಿಂತ ಹಿರಿಯರು, ಮೂವರೂ ದೊಡ್ಡ ಮನೆಗಳನ್ನು ಸೇರಿದವರು. ಅವರಲ್ಲೊಬ್ಬಳಾದ ಎಲಿನರ್ ಸಾಮರ್‌ಸೆಟ್ ಡ್ಯೂಕ್ ಎಡ್ಮಂಡ್ ಬೋಫರ್ಟ್‌ನ ಹೆಂಡತಿ. ಆತ ರಾಜನ ಅತ್ಯಂತ ಆಪ್ತ. ಹೀಗೆ ಇಪ್ಪತ್ತರ ಹರೆಯದ ರಿಚರ್ಡ್ ನೆವಿಲ್ ಒಂದೆರಡು ಸಾವುಗಳ ಬಲದಿಂದ ವಾರಿಕ್‌ನ ಅರ್ಲ್ ಆದ, ಅದೇ ಗಳಿಗೆಯಲ್ಲಿ ಆಸ್ಥಾನದ ಅತಿ ಪ್ರಬಲ ವ್ಯಕ್ತಿಯ ಹೆಂಡತಿಯೊಡನೆ ಆಸ್ತಿಯ ವೈರವನ್ನೂ ಕಟ್ಟಿಕೊಂಡ. ಮುಂದೆ ‘ರಾಜರನ್ನು ಮಾಡುವವನು’ ಎಂದು ಖ್ಯಾತನಾಗುವ ವಾರಿಕ್ ಇವನೇ.

ವೈರ ಹೊತ್ತಿಕೊಂಡದ್ದು ವೇಲ್ಸಿನ ಗ್ಲಾಮಾರ್ಗನ್ ಸೀಮೆಯ ವಿಷಯದಲ್ಲಿ. ಅದು ಆನ್‌ಳಿಗೆ ತಾಯಿಯ ಕಡೆಯಿಂದ ಬಂದದ್ದು. ಅದರಲ್ಲಿ ಅರ್ಧ ಭಾಗಕ್ಕೆ ಆಕೆಯ ತಾಯಿಯ ಮೊದಲ ಮದುವೆಯ ಮಗಳ ಮಗನೂ ಹಕ್ಕುದಾರನಾಗಿದ್ದ, ಆದರೆ ಅವನಿನ್ನೂ ಅಪ್ರಾಪ್ತ. ಅಪ್ರಾಪ್ತನ ಭಾಗದ ಉಸ್ತುವಾರಿಯನ್ನು 1453ರಲ್ಲಿ ಅರಮನೆಯು ಸಾಮರ್‌ಸೆಟ್‌ಗೆ ವಹಿಸಿಕೊಟ್ಟಿತು. ವಾರಿಕ್ ಬಿಟ್ಟುಕೊಡಲಿಲ್ಲ, ಕಾರ್ಡಿಫ್ ಕೋಟೆಯಲ್ಲಿ ಆಯುಧಪಾಣಿಗಳನ್ನಿಟ್ಟುಕೊಂಡು ಕುಳಿತ. ನನಗೆ ಈ ಪ್ರಸಂಗವು ಎಷ್ಟೋ ದೊಡ್ಡ ಕದನಗಳಿಗಿಂತ ಮುಖ್ಯವಾಗಿ ಕಾಣುತ್ತದೆ. ಅಲ್ಲಿಯವರೆಗೆ ನೆವಿಲ್‌ಗಳು ರಾಜನ ಪಕ್ಷದವರು. ಯಾರ್ಕ್ ಡ್ಯೂಕ್‌ನ ಹೆಂಡತಿ ಸಿಸಿಲಿ ಅವರ ಮನೆಯ ಮಗಳೇ ಆದರೂ, ಅಳಿಯನು ಸಾಮರ್‌ಸೆಟ್‌ನ ವಿರುದ್ಧ ಹಿಂದಿನ ವರ್ಷ ಸೈನ್ಯ ಕೂಡಿಸಿದಾಗ ಅವರು ಅವನ ಜೊತೆಗೆ ನಿಲ್ಲಲಿಲ್ಲ. ವಂಶವೃಕ್ಷದ ವಾದವು ಅವರನ್ನು ಯಾರ್ಕ್‌ನ ಕಡೆಗೆ ಒಯ್ಯಲಿಲ್ಲ; ಒಯ್ದದ್ದು ಗ್ಲಾಮಾರ್ಗನ್.

ಉತ್ತರದಲ್ಲಿ ಇನ್ನೊಂದು ಬೆಂಕಿ ಹೊಗೆಯಾಡುತ್ತಿತ್ತು. ಸ್ಕಾಟ್ಲೆಂಡ್ ಗಡಿಯ ಕಾವಲಿನ ಅಧಿಕಾರಕ್ಕಾಗಿ ನೆವಿಲ್‌ಗಳಿಗೂ ನಾರ್ಥಂಬರ್‌ಲೆಂಡ್‌ನ ಪರ್ಸಿ ಮನೆತನಕ್ಕೂ ಬಹುಕಾಲದ ಪೈಪೋಟಿಯಿತ್ತು. ಪರ್ಸಿಗಳು ಐವತ್ತು ವರ್ಷಗಳ ಹಿಂದೆ ನಾಲ್ಕನೆಯ ಹೆನ್ರಿಯ ವಿರುದ್ಧ ಬಂಡೆದ್ದು ಕಳೆದುಕೊಂಡಿದ್ದ ಜಮೀನುಗಳಲ್ಲಿ ರೆಸಲ್ ಎಂಬ ಸ್ಥಳವೂ ಒಂದು. ಅದೀಗ ರಾಲ್ಫ್ ಕ್ರಾಮ್‌ವೆಲ್ ಎಂಬ ಶ್ರೀಮಂತನ ಕೈಯಲ್ಲಿತ್ತು. ಅವನಿಗೆ ಮಕ್ಕಳಿರಲಿಲ್ಲ, ಸೋದರಿಯ ಮಗಳಾದ ಮಾಡ್ ಸ್ಟ್ಯಾನ್‌ಹೋಪ್ ಎಂಬಾಕೆ ವಾರಸುದಾರಳಾಗುವ ಸಂಭವವಿತ್ತು. ಆಕೆಯನ್ನು 1453ರ ಆಗಸ್ಟ್‌ನಲ್ಲಿ ವಾರಿಕ್‌ನ ತಮ್ಮ ಥಾಮಸ್ ನೆವಿಲ್ ಮದುವೆಯಾದ. ಮದುವೆ ಮುಗಿಸಿಕೊಂಡು ದಿಬ್ಬಣ ಹಿಂದಿರುಗುತ್ತಿದ್ದಾಗ ಆಗಸ್ಟ್ 24ರಂದು ಯಾರ್ಕ್ ನಗರದ ಹೊರಗಿನ ಹ್ಯೂವರ್ತ್ ಬಯಲಿನಲ್ಲಿ ಪರ್ಸಿ ಅರ್ಲ್‌ನ ಕಿರಿಯ ಮಗ ಎಗ್ರಿಮಂಟ್‌ನ ಒಡೆಯನು ಜನ ಕಟ್ಟಿಕೊಂಡು ಅಡ್ಡಗಟ್ಟಿದ. ಆಮೇಲೆ ನಡೆದ ವಿಚಾರಣೆಯ ಕಾಗದಗಳಲ್ಲಿ ಅವನ ಕಡೆಯವರ 700ಕ್ಕೂ ಹೆಚ್ಚು ಹೆಸರುಗಳಿವೆ. ಕೈಕೈ ಮಿಲಾಯಿಸಿದ್ದು ಹೆಚ್ಚಿಲ್ಲ, ಸತ್ತವರೂ ಹೆಚ್ಚಿಲ್ಲ; ಆದರೆ ತಮ್ಮ ಪೂರ್ವಿಕರ ಮನೆ ಹಗೆಯ ಮನೆಯ ಸೊಸೆಯ ಬಳುವಳಿಯಾಗಿ ಹೋಗುವುದನ್ನು ಪರ್ಸಿಗಳು ನೋಡಿಕೊಂಡಿರಲಾರರೆಂಬುದು ಎಲ್ಲರಿಗೂ ತಿಳಿಯಿತು.

ಅದೇ ಆಗಸ್ಟ್ ತಿಂಗಳಲ್ಲಿ ರಾಜನ ಬುದ್ಧಿ ಸ್ತಬ್ಧವಾಯಿತು. ಜುಲೈ 17ರಂದು ಕಾಸ್ತಿಯೋನ್ ಕದನದಲ್ಲಿ ಸೋತು ಫ್ರಾನ್ಸಿನಲ್ಲಿ ಕಾಲೇ ಎಂಬ ಬಂದರು ಪಟ್ಟಣವೊಂದನ್ನುಳಿದು ಎಲ್ಲವನ್ನೂ ಕಳೆದುಕೊಂಡ ಸುದ್ದಿ ಬಂದ ಹೊತ್ತು. ಹೆನ್ರಿ ಯಾರನ್ನೂ ಗುರುತಿಸದಾದ, ಮಾತನಾಡದಾದ. ಅಕ್ಟೋಬರ್‌ನಲ್ಲಿ ರಾಣಿ ಮಾರ್ಗರೆಟ್ ಹೆತ್ತ ಗಂಡುಮಗುವನ್ನು ಎದುರಿಗೆ ಹಿಡಿದು ಆಶೀರ್ವಾದ ಕೇಳಿದರೂ ಕಣ್ಣೆತ್ತಿ ಗುರುತು ತೋರಲಿಲ್ಲ. ಈ ಸ್ಥಿತಿ 1454ರ ಕ್ರಿಸ್‌ಮಸ್‌ವರೆಗೆ ಮುಂದುವರಿಯಿತು. ಯಾರ್ಕ್ ಡ್ಯೂಕ್ ರಾಜ್ಯದ ರಕ್ಷಕನಾಗಿ ನೇಮಕಗೊಂಡ, ವಾರಿಕ್‌ನ ತಂದೆ ಚಾನ್ಸಲರ್ ಆದ, ಸಾಮರ್‌ಸೆಟ್ ಸೆರೆಮನೆ ಸೇರಿದ. ರಾಜನಿಗೆ ವಾಸಿಯಾಗುತ್ತಲೇ ಸಾಮರ್‌ಸೆಟ್ ಹೊರಬಂದ, ಯಾರ್ಕ್ ಅಧಿಕಾರದಿಂದ ಇಳಿದ. 1455ರ ಮೇ 22ರಂದು ಸೇಂಟ್ ಆಲ್ಬನ್ಸ್ ಪಟ್ಟಣದ ಬೀದಿಗಳಲ್ಲಿ ಮೊದಲ ಕದನ ನಡೆದಾಗ ಸತ್ತ ಪ್ರಮುಖರು ಮೂವರು: ಸಾಮರ್‌ಸೆಟ್ ಡ್ಯೂಕ್, ನಾರ್ಥಂಬರ್‌ಲೆಂಡ್‌ನ ಪರ್ಸಿ ಅರ್ಲ್, ಮತ್ತು ಪರ್ಸಿಗಳ ನಂಟ ಕ್ಲಿಫರ್ಡ್. ಯಾರ್ಕ್‌ಗೂ ನೆವಿಲ್‌ಗಳಿಗೂ ಯಾರು ಯಾರು ಬೇಡವಾಗಿದ್ದರೋ ಅವರೇ ಸತ್ತರು. ಕುತ್ತಿಗೆಗೆ ಬಾಣ ತಾಗಿ ಗಾಯಗೊಂಡಿದ್ದ ರಾಜನ ಮುಂದೆ ಗೆದ್ದವರು ಮೊಣಕಾಲೂರಿ ನಿಷ್ಠೆ ಸೂಚಿಸಿದರು. ಕಿರೀಟದ ಮಾತನ್ನು ಆ ದಿನ ಯಾರೂ ಎತ್ತಲಿಲ್ಲ.

ದೊಡ್ಡವರ ಈ ಹೊಡೆದಾಟ ಚಿಕ್ಕವರ ಬಾಗಿಲಿಗೆ ಹೇಗೆ ಬರುತ್ತಿತ್ತೆಂಬುದನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ನಾರ್ಫಕ್‌ನ ಪ್ಯಾಸ್ಟನ್ ಕುಟುಂಬದ ಪತ್ರಗಳು ಉಳಿದುಬಂದಿವೆ. 1448ರಲ್ಲಿ, ಪ್ರಬಲನೊಬ್ಬ ಕಸಿದುಕೊಂಡಿದ್ದ ಜಮೀನಿನ ಪಕ್ಕದಲ್ಲೇ ನೆಲೆಸಿದ್ದ ಮಾರ್ಗರೆಟ್ ಪ್ಯಾಸ್ಟನ್, ಲಂಡನ್ನಿನಲ್ಲಿದ್ದ ಗಂಡನಿಗೆ ಮನೆಯ ರಕ್ಷಣೆಗೆ ಅಡ್ಡಬಿಲ್ಲುಗಳನ್ನು ಕಳಿಸಿಕೊಡಿ ಎಂದು ಬರೆಯುತ್ತಾಳೆ. ಅದೇ ಪತ್ರದಲ್ಲಿ ಒಂದು ಪೌಂಡ್ ಬಾದಾಮಿ, ಒಂದು ಪೌಂಡ್ ಸಕ್ಕರೆ ತರಿಸುವಂತೆಯೂ ಹೇಳುತ್ತಾಳೆ. ಮನೆಸಾಮಾನಿನ ಪಟ್ಟಿಯಲ್ಲಿ ಆಯುಧ ಸೇರಿಕೊಂಡ ಆ ನಾಡಿನಲ್ಲಿ, ನ್ಯಾಯಾಲಯದ ತೀರ್ಪು ಕೈಯಲ್ಲಿದ್ದರೆ ಸಾಲದು, ಅದನ್ನು ನಡೆಸಿಕೊಡುವ ದೊಡ್ಡ ಒಡೆಯನೊಬ್ಬನ ಆಸರೆಯೂ ಬೇಕಾಗಿತ್ತು. ಒಡೆಯ ಆಸರೆ ಕೊಡಬೇಕು, ಹಿಂಬಾಲಕ ಕರೆದಾಗ ಬರಬೇಕು. ದೇಶಕ್ಕೆ ಕಾಯಂ ಸೈನ್ಯವಿರಲಿಲ್ಲ. ಕಾಲೇ ಕೋಟೆಯ ಪಡೆಯೊಂದೇ ಅಪವಾದ. ಸೇಂಟ್ ಆಲ್ಬನ್ಸ್‌ನ ಬಳಿಕ ವಾರಿಕ್ ತನಗೆ ಕೇಳಿ ಪಡೆದುಕೊಂಡದ್ದು ಆ ಕೋಟೆಯ ಅಧಿಪತ್ಯವನ್ನು.

ಒಪ್ಪಂದಕ್ಕೆ ಪ್ರಯತ್ನ ನಡೆಯಲಿಲ್ಲವೆಂದಲ್ಲ. 1458ರ ಮಾರ್ಚ್ 25ರಂದು ಲಂಡನ್ನಿನ ಸೇಂಟ್ ಪಾಲ್ ಚರ್ಚಿಗೆ ಮೆರವಣಿಗೆ ಹೊರಟಿತು. ರಾಣಿ ಮಾರ್ಗರೆಟ್ ಯಾರ್ಕ್ ಡ್ಯೂಕ್‌ನ ಕೈಹಿಡಿದು ನಡೆದಳು, ಸತ್ತ ಸಾಮರ್‌ಸೆಟ್‌ನ ಮಗ ವಾರಿಕ್‌ನ ತಂದೆಯ ಕೈಹಿಡಿದು ನಡೆದ. ಸೇಂಟ್ ಆಲ್ಬನ್ಸ್ ಮಠದಲ್ಲಿ ಸತ್ತವರ ಆತ್ಮಶಾಂತಿಗಾಗಿ ಪೂಜೆ ನಡೆಸಲು ಗೆದ್ದವರು ವರ್ಷಕ್ಕೆ 45 ಪೌಂಡ್ ಕೊಡಬೇಕೆಂದೂ, ಸಾಮರ್‌ಸೆಟ್‌ನ ವಿಧವೆ ಎಲಿನರ್ ಮತ್ತು ಮಕ್ಕಳಿಗೆ ಯಾರ್ಕ್ 5,000 ಮಾರ್ಕ್ ಪರಿಹಾರ ಕೊಡಬೇಕೆಂದೂ ತೀರ್ಮಾನವಾಗಿತ್ತು. ಎಲಿನರ್ ಎಂದರೆ ಆನ್‌ಳ ಅದೇ ಮಲಸಹೋದರಿ. ರಾಜನು ಮನಸಾರೆ ಬಯಸಿ ಮಾಡಿಸಿದ ರಾಜಿ ಇದು. ತಂದೆಯನ್ನು ಕಳೆದುಕೊಂಡ ಮಕ್ಕಳು ಹಣ ತೆಗೆದುಕೊಂಡು ಸುಮ್ಮನಾಗುವರೆಂದು ಅವನು ನಂಬಿದ್ದ. ಮರುವರ್ಷವೇ ಸೈನ್ಯಗಳು ಮತ್ತೆ ಎದ್ದವು, ಲಡ್‌ಫರ್ಡ್‌ನಲ್ಲಿ ಯಾರ್ಕ್ ಪಕ್ಷ ಚದುರಿತು, ಮತ್ತು 1459ರ ನವೆಂಬರ್‌ನಲ್ಲಿ ಕಾವೆಂಟ್ರಿಯಲ್ಲಿ ಸೇರಿದ ಪಾರ್ಲಿಮೆಂಟು ಅವರೆಲ್ಲರನ್ನೂ ರಾಜದ್ರೋಹಿಗಳೆಂದು ಸಾರಿ, ಅವರ ರಕ್ತವೇ ಕೆಟ್ಟಿತೆಂದು, ಆಸ್ತಿಯು ಮಕ್ಕಳಿಗೂ ದಕ್ಕದೆಂದು ಶಾಸನ ಮಾಡಿತು. ಕುಲೀನನಿಗೆ ತಲೆ ಹೋಗುವುದಕ್ಕಿಂತ ಘೋರವಾದ ಶಿಕ್ಷೆ ಇದು. ಇನ್ನು ಅವರಿಗೆ ರಾಜನನ್ನು ತಿದ್ದುವುದಲ್ಲ, ಬದಲಾಯಿಸುವುದೊಂದೇ ದಾರಿಯಾಗಿ ಉಳಿಯಿತು.

1460ರ ಅಕ್ಟೋಬರ್‌ನಲ್ಲಿ ಯಾರ್ಕ್ ಡ್ಯೂಕ್ ವೆಸ್ಟ್‌ಮಿನ್‌ಸ್ಟರ್ ಅರಮನೆಯೊಳಗೆ ನಡೆದುಬಂದು ಖಾಲಿ ಸಿಂಹಾಸನದ ಮೇಲೆ ಕೈಯಿಟ್ಟು ಜಯಘೋಷಕ್ಕಾಗಿ ಕಾದ. ಯಾರೂ ಕೂಗಲಿಲ್ಲ. ರಾಜರನ್ನು ಕಾಣಲು ಬಂದಿರಾ ಎಂದು ಆರ್ಚ್‌ಬಿಷಪ್ ಕೇಳಿದ. ತಾನೇ ಹೋಗಿ ಕಾಣಬೇಕಾದವರು, ತನ್ನನ್ನು ಬಂದು ಕಾಣಬೇಕಿಲ್ಲದವರು ಈ ರಾಜ್ಯದಲ್ಲಿ ಯಾರೂ ಇಲ್ಲವೆಂಬರ್ಥದ ಉತ್ತರವನ್ನು ಡ್ಯೂಕ್ ಕೊಟ್ಟ. ಅವನ ಹಕ್ಕಿನ ಪ್ರಶ್ನೆಯನ್ನು ಸಾಮಂತರು ನ್ಯಾಯಾಧೀಶರಿಗೆ ಕಳಿಸಿದರು. ಇದು ನಮ್ಮ ಅಧಿಕಾರಕ್ಕೆ ಮೀರಿದ್ದೆಂದು ನ್ಯಾಯಾಧೀಶರು ಕೈತೊಳೆದುಕೊಂಡರು. ನ್ಯಾಯಾಧೀಶರಿಗೇ ಮೀರಿದ್ದು ನಮಗೆ ಹೇಗೆ ಎಟುಕೀತೆಂದು ವಕೀಲರೂ ಜಾರಿಕೊಂಡರು. ಕೊನೆಗೆ ಆದ ತೀರ್ಮಾನ ಆಸ್ತಿವ್ಯಾಜ್ಯದ ರಾಜಿಪತ್ರದಂತಿದೆ: ಹೆನ್ರಿ ಬದುಕಿರುವವರೆಗೆ ರಾಜನಾಗಿರತಕ್ಕದ್ದು, ಅವನ ಬಳಿಕ ಕಿರೀಟ ಯಾರ್ಕ್‌ಗೂ ಅವನ ಮಕ್ಕಳಿಗೂ ಸೇರತಕ್ಕದ್ದು. ಏಳು ವರ್ಷದ ರಾಜಕುಮಾರನ ಹಕ್ಕು ಹೀಗೆ ಒಂದು ಸಾಲಿನಲ್ಲಿ ಹೋಯಿತು. ತಾಯಿ ಮಾರ್ಗರೆಟ್ ಇದನ್ನು ಒಪ್ಪದಿದ್ದರೆ ಅವಳನ್ನು ದೂರುವುದು ಹೇಗೆ? ಡಿಸೆಂಬರ್ 30ರಂದು ವೇಕ್‌ಫೀಲ್ಡ್‌ನಲ್ಲಿ ಅವಳ ಪಕ್ಷದವರು ಯಾರ್ಕ್ ಡ್ಯೂಕ್‌ನನ್ನು ಕೊಂದು, ಅವನ ತಲೆಗೆ ಕಾಗದದ ಕಿರೀಟ ತೊಡಿಸಿ ಯಾರ್ಕ್ ನಗರದ ಹೆಬ್ಬಾಗಿಲ ಮೇಲೆ ನಿಲ್ಲಿಸಿದರು. ಅವನ ಹದಿನೇಳು ವರ್ಷದ ಮಗನೂ, ವಾರಿಕ್‌ನ ತಂದೆಯೂ ಆಗಲೇ ಸತ್ತರು.

ಉಳಿದ ಹಿರಿಯ ಮಗ ಎಡ್ವರ್ಡನಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. 1461ರ ಮಾರ್ಚ್ 4ರಂದು ಅವನು ಲಂಡನ್ನಿನಲ್ಲಿ ತಾನೇ ರಾಜನೆಂದು ಸಾರಿಕೊಂಡ. ಮಾರ್ಚ್ 29ರ ಭಾನುವಾರ ಯಾರ್ಕ್‌ಷೈರಿನ ಟೌಟನ್ ಬಯಲಿನಲ್ಲಿ ಹಿಮ ಸುರಿಯುತ್ತಿರುವಾಗ ಆದದ್ದು ಈ ಇಡೀ ಹೋರಾಟದ ಅತಿ ದೊಡ್ಡ ಕದನ. ಗಾಳಿ ಎಡ್ವರ್ಡನ ಬಿಲ್ಲುಗಾರರ ಬೆನ್ನಿಗಿತ್ತು. ಅವರ ಬಾಣಗಳು ದೂರ ಹಾರಿದವು, ಎದುರಾಳಿಯ ಬಾಣಗಳು ನಡುವೆಯೇ ಬಿದ್ದವು. ಸತ್ತವರು 28,000 ಎಂದು ಆ ಕಾಲದವರು ಬರೆದರು, ಇಂದಿನ ವಿದ್ವಾಂಸರಲ್ಲಿ ಹಲವರು ಆ ಸಂಖ್ಯೆಯನ್ನು ನಂಬುವುದಿಲ್ಲ. ಆದರೆ 1996ರಲ್ಲಿ ಅಲ್ಲಿ ಸಿಕ್ಕ ಸಾಮೂಹಿಕ ಗೋರಿಯ ತಲೆಬುರುಡೆಗಳ ಮೇಲೆ ಒಂದರ ಮೇಲೊಂದರಂತೆ ಬಿದ್ದ ಏಟುಗಳ ಗುರುತುಗಳಿವೆ. ಸೋತವರನ್ನು ಎಷ್ಟು ದ್ವೇಷದಿಂದ ಕಡಿದರೆಂಬುದನ್ನು ಹೇಳಲು ಅಂಕಿ ಬೇಕಿಲ್ಲ.

ನಾಲ್ಕನೆಯ ಎಡ್ವರ್ಡನ ಆಳ್ವಿಕೆಯ ಕಥೆಯನ್ನು ಬೇಗ ದಾಟುತ್ತೇನೆ, ಒಂದು ಮದುವೆಯ ಬಳಿ ಮಾತ್ರ ನಿಲ್ಲುತ್ತೇನೆ. ಅವನು 1464ರಲ್ಲಿ ಲ್ಯಾಂಕಾಸ್ಟರ್ ಪಕ್ಷದ ಯೋಧನೊಬ್ಬನ ವಿಧವೆ ಎಲಿಜಬೆತ್ ವುಡ್‌ವಿಲ್‌ಳನ್ನು ಗುಟ್ಟಾಗಿ ಮದುವೆಯಾದ. ಫ್ರಾನ್ಸಿನಿಂದ ರಾಜನಿಗೆ ಹೆಣ್ಣು ತರುವ ಮಾತುಕತೆಯಲ್ಲಿದ್ದ ವಾರಿಕ್‌ಗೆ ಅವಮಾನವಾಯಿತೆಂದು ಎಲ್ಲರೂ ಬರೆಯುತ್ತಾರೆ. ನಿಜವೇ, ಆದರೆ ಅವಮಾನವನ್ನು ಮರೆಯಬಹುದಿತ್ತು. ಮರೆಯಲಾಗದಿದ್ದುದು ರಾಣಿಯ ಒಡಹುಟ್ಟಿದವರ ಸಾಲು ಮದುವೆಗಳು. ದೇಶದ ಒಳ್ಳೆಯ ವರಗಳೆಲ್ಲ ರಾಣಿಯ ತಂಗಿಯರ ಪಾಲಾದರು. ವಾರಿಕ್‌ಗೆ ಇದ್ದವರು ಇಬ್ಬರೂ ಹೆಣ್ಣುಮಕ್ಕಳೇ, ಅವರಿಗೆ ತಕ್ಕ ಗಂಡು ಉಳಿಯಲಿಲ್ಲ. ಇಪ್ಪತ್ತರ ಹರೆಯದ ಜಾನ್ ವುಡ್‌ವಿಲ್‌ಗೆ ಅರವತ್ತು ದಾಟಿದ ನಾರ್ಫಕ್ ಡ್ಯೂಕ್‌ನ ವಿಧವೆ ಕ್ಯಾಥರೀನ್‌ಳನ್ನು ಕಟ್ಟಿದರು. ಗಂಡನ ಆಸ್ತಿಯ ಬಹುದೊಡ್ಡ ಭಾಗವನ್ನು ಮೂವತ್ತು ವರ್ಷಗಳಿಂದ ಅನುಭವಿಸುತ್ತಿದ್ದ ಆಕೆ ವಾರಿಕ್‌ನ ಸೋದರತ್ತೆ. ಆ ಕಾಲದ ಲೇಖಕನೊಬ್ಬ ಇದನ್ನು ಪೈಶಾಚಿಕ ವಿವಾಹವೆಂದು ಕರೆದಿದ್ದಾನೆ. ವಾರಿಕ್ 1469ರಲ್ಲಿ ದಂಗೆಯೆದ್ದು ಮೇಲುಗೈ ಪಡೆದಾಗ ಮೊದಲು ತಲೆ ತೆಗೆಸಿದವರಲ್ಲಿ ಈ ಜಾನ್ ಒಬ್ಬ. ಅತ್ತೆ ಆಮೇಲೆಯೂ ಬಹುಕಾಲ ಬದುಕಿದ್ದಳು.

ರಾಜನು ಬೇಡವೆಂದಿದ್ದರೂ ವಾರಿಕ್ ಹಿರಿಯ ಮಗಳು ಇಸಬೆಲ್‌ಳನ್ನು ರಾಜನ ತಮ್ಮ ಕ್ಲಾರೆನ್ಸ್‌ಗೆ ಕಾಲೇ ಕೋಟೆಯಲ್ಲಿ ಧಾರೆಯೆರೆದಿದ್ದ. ಆ ಆಟ ಕೈಗೂಡದಾಗ ಫ್ರಾನ್ಸಿಗೆ ಓಡಿಹೋಗಿ, ಹದಿನೈದು ವರ್ಷ ಯಾರ ವಿರುದ್ಧ ಹೋರಾಡಿದ್ದನೋ ಆ ಮಾರ್ಗರೆಟ್‌ಳ ಕಾಲಿಗೆರಗಿದ. ಅವಳು ಅವನನ್ನು ಕಾಲು ಗಂಟೆ ಮೊಣಕಾಲ ಮೇಲೆಯೇ ನಿಲ್ಲಿಸಿದಳೆಂದು ಪ್ರತೀತಿ. ಕಿರಿಯ ಮಗಳು ಆನ್‌ಳನ್ನು ಅವಳ ಮಗನಿಗೆ ಕೊಟ್ಟ. ಆರನೆಯ ಹೆನ್ರಿಯನ್ನು 1470ರ ಅಕ್ಟೋಬರ್‌ನಲ್ಲಿ ಸೆರೆಯಿಂದ ಹೊರತೆಗೆದು ಮತ್ತೆ ಸಿಂಹಾಸನದಲ್ಲಿ ಕೂರಿಸಿದ. ಯಾವ ಪಕ್ಷ ಗೆದ್ದರೂ ತನ್ನೊಬ್ಬ ಮಗಳು ರಾಣಿಯಾಗಬಹುದಾದ ಏರ್ಪಾಡು ಇದು. 1471ರ ಏಪ್ರಿಲ್ 14, ಈಸ್ಟರ್ ಭಾನುವಾರ, ಬಾರ್ನೆಟ್‌ನ ಮಂಜಿನಲ್ಲಿ ಈ ಲೆಕ್ಕವೆಲ್ಲ ಮುಗಿಯಿತು. ಆಕ್ಸ್‌ಫರ್ಡ್ ಅರ್ಲ್‌ನ ಕಿರಣಗಳುಳ್ಳ ನಕ್ಷತ್ರದ ಲಾಂಛನವನ್ನು ಎಡ್ವರ್ಡನ ಸೂರ್ಯನೆಂದು ತಪ್ಪು ತಿಳಿದು ವಾರಿಕ್‌ನ ಬಿಲ್ಲುಗಾರರು ಸ್ವಪಕ್ಷದವರ ಮೇಲೆಯೇ ಬಾಣ ಬಿಟ್ಟರು, ದ್ರೋಹವೆಂಬ ಕೂಗೆದ್ದಿತು, ವಾರಿಕ್ ಸತ್ತ. ಮೇ 4ರಂದು ಟ್ಯೂಕ್ಸ್‌ಬರಿಯಲ್ಲಿ ಮಾರ್ಗರೆಟ್‌ಳ ಒಬ್ಬನೇ ಮಗ ಸತ್ತ. ಅದೇ ತಿಂಗಳು ಹೆನ್ರಿಯೂ ಲಂಡನ್ ಗೋಪುರದಲ್ಲಿ ‘ತೀರಿಕೊಂಡ’. ಲ್ಯಾಂಕಾಸ್ಟರ್ ರಾಜವಂಶದ ನೇರ ಸಂತತಿ ಅಲ್ಲಿಗೆ ಕೊನೆಗೊಂಡಿತು. ಬಿಳಿ ಗುಲಾಬಿ, ಕೆಂಪು ಗುಲಾಬಿಯ ಕಥೆಯೇ ನಿಜವಾಗಿದ್ದರೆ ಹೋರಾಟ ಇಲ್ಲಿಗೆ ಮುಗಿಯಬೇಕಿತ್ತು.

ಗಂಡನ ಸಾವಿನ ಸುದ್ದಿ ಕೇಳಿದ ಕೌಂಟೆಸ್ ಆನ್ ಬ್ಯೂಲಿ ಮಠದಲ್ಲಿ ಆಶ್ರಯ ಪಡೆದಳು. ಆಸ್ತಿ ಆಕೆಯದ್ದು, ಗಂಡನ ದ್ರೋಹಕ್ಕೆ ಕಾನೂನಿನಂತೆ ಅದು ಹೋಗಕೂಡದು. ಗುಮಾಸ್ತರಿಲ್ಲದ್ದರಿಂದ ಸ್ವಂತ ಕೈಯಿಂದಲೇ ರಾಜನಿಗೆ, ರಾಣಿಗೆ, ರಾಜನ ತಾಯಿಗೆ, ರಾಜನ ಹಿರಿಯ ಮಗಳಿಗೆ, ಸಿಕ್ಕಿದ ಪ್ರತಿಯೊಬ್ಬ ದೊಡ್ಡ ಹೆಂಗಸಿಗೆ ಪತ್ರ ಬರೆದೆನೆಂದು ಆಕೆ ಪಾರ್ಲಿಮೆಂಟಿಗೆ ಸಲ್ಲಿಸಿದ ಮನವಿಯಲ್ಲಿ ಹೇಳಿಕೊಂಡಿದ್ದಾಳೆ. ಅತ್ತ ಅಳಿಯಂದಿರು ಹೊಡೆದಾಡುತ್ತಿದ್ದರು. ಹಿರಿಯ ಮಗಳನ್ನು ಮದುವೆಯಾಗಿದ್ದ ಕ್ಲಾರೆನ್ಸ್‌ಗೆ ಎಲ್ಲವೂ ತನ್ನದಾಗಬೇಕಿತ್ತು. ವಿಧವೆಯಾಗಿದ್ದ ಕಿರಿಯ ಮಗಳನ್ನು ಮದುವೆಯಾದ, ರಾಜನ ಕಿರಿಯ ತಮ್ಮನಾದ ಗ್ಲಾಸ್ಟರ್ ಡ್ಯೂಕ್ ರಿಚರ್ಡ್ ಅರ್ಧ ಕೇಳಿದ. ವಾರಿಕ್‌ನನ್ನು ದ್ರೋಹಿಯೆಂದು ಸಾರಿದ್ದರೆ ಅವನ ಪಾಲಿನ ಜಮೀನು ರಾಜನಿಗೆ ಸೇರಿ, ಅಲ್ಲಿಂದ ಬಕ್ಷೀಸಾಗಿ ತಮ್ಮಂದಿರಿಗೆ ಬರುತ್ತಿತ್ತು. ಬಕ್ಷೀಸನ್ನು ಕೊಟ್ಟವನು ಹಿಂತೆಗೆದುಕೊಳ್ಳಬಹುದು. ಹೆಂಡತಿಯ ಪಿತ್ರಾರ್ಜಿತವಾಗಿ ಬಂದದ್ದು ಗಟ್ಟಿ. ಆದ್ದರಿಂದಲೇ ಅತ್ತೆಯನ್ನು ಕಾಗದದ ಮೇಲೆ ಸಾಯಿಸಬೇಕಾಯಿತು. ಶಾಸನವಾಗುವ ಹೊತ್ತಿಗೆ ಆಕೆ ಉತ್ತರದಲ್ಲಿ ಗ್ಲಾಸ್ಟರ್‌ನ ಸುಪರ್ದಿನಲ್ಲಿದ್ದಳು.

ಇನ್ನೊಂದು ತೊಡಕಿತ್ತು. ಉತ್ತರದ ಮಿಡಲ್‌ಹ್ಯಾಂ ಮೊದಲಾದ ನೆವಿಲ್ ಜಮೀನುಗಳು ಹೆಣ್ಣಿಗಲ್ಲ, ಮನೆತನದ ಗಂಡಿಗೆ, ಎಂದರೆ ವಾರಿಕ್‌ನ ತಮ್ಮನ ಮಗ ಜಾರ್ಜ್ ನೆವಿಲ್‌ಗೆ ಸೇರತಕ್ಕವು. ಅವನನ್ನೂ ಶಾಸನದ ಮೂಲಕ ದೂರವಿಟ್ಟರು, ಆದರೆ ಒಂದು ಷರತ್ತು ಉಳಿಯಿತು: ಅವನಾಗಲಿ ಅವನ ತಂದೆಯ ಬೇರೆ ಗಂಡು ಸಂತತಿಯಾಗಲಿ ಇರುವವರೆಗೆ ಮಾತ್ರ ಗ್ಲಾಸ್ಟರ್‌ನ ಹಕ್ಕು ವಂಶಪಾರಂಪರ್ಯ, ಆ ಸಂತತಿ ಕಡಿದರೆ ಅವನಿಗೆ ಉಳಿಯುವುದು ಜೀವಮಾನದ ಅನುಭೋಗವಷ್ಟೇ. ಕ್ಲಾರೆನ್ಸ್‌ನನ್ನು 1478ರಲ್ಲಿ ಸ್ವತಃ ಅಣ್ಣನೇ ದ್ರೋಹದ ಆರೋಪದ ಮೇಲೆ ಕೊಲ್ಲಿಸಿದ. ನಾಲ್ಕನೆಯ ಎಡ್ವರ್ಡ್ 1483ರ ಏಪ್ರಿಲ್ 9ರಂದು ತೀರಿಕೊಂಡ. ಜಾರ್ಜ್ ನೆವಿಲ್ ಮಕ್ಕಳಿಲ್ಲದೆ ಸತ್ತದ್ದು ಮೇ 4ರಂದು. ಗ್ಲಾಸ್ಟರ್ ತನ್ನ ಉತ್ತರದ ಬಲವೆಲ್ಲ ತನ್ನ ಮಗನಿಗೆ ದಕ್ಕದೆಂಬ ಸ್ಥಿತಿಗೆ ಬಂದ, ಹನ್ನೆರಡು ವರ್ಷದ ಹೊಸ ರಾಜನು ತಾಯಿಯ ಕಡೆಯ ವುಡ್‌ವಿಲ್‌ಗಳ ನೆರಳಿನಲ್ಲಿ ಬೆಳೆದವನು. ಎರಡು ತಿಂಗಳು ಕಳೆಯುತ್ತಲೇ, ಜುಲೈ 6ರಂದು, ಗ್ಲಾಸ್ಟರ್ ಪಟ್ಟಾಭಿಷಿಕ್ತನಾದ. ಇದೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಅವನ ಮಹತ್ವಾಕಾಂಕ್ಷೆ, ಕ್ರೌರ್ಯ, ಗೂನುಬೆನ್ನುಗಳ ಬಗ್ಗೆ ಇಷ್ಟೊಂದು ಬರೆದವರು ಈ ಜಮೀನಿನ ಷರತ್ತನ್ನು ಪಕ್ಕಕ್ಕಿಟ್ಟದ್ದು ಸೋಜಿಗವೇ ಸರಿ. ಗೋಪುರದಲ್ಲಿದ್ದ ಅಣ್ಣನ ಇಬ್ಬರು ಗಂಡುಮಕ್ಕಳು ಆ ಬೇಸಿಗೆಯ ಬಳಿಕ ಯಾರ ಕಣ್ಣಿಗೂ ಬೀಳಲಿಲ್ಲ.

ಬಾಸ್‌ವರ್ತ್‌ನಲ್ಲಿ 1485ರ ಆಗಸ್ಟ್ 22ರಂದು ರಿಚರ್ಡ್ ಸೋತದ್ದು ಎದುರಾಳಿಯಾದ ಹೆನ್ರಿ ಟ್ಯೂಡರನ ಬಲದಿಂದಲ್ಲ, ತನ್ನ ಕಡೆಯವರ ನಿಷ್ಕ್ರಿಯತೆಯಿಂದ. ನಾರ್ಥಂಬರ್‌ಲೆಂಡ್‌ನ ಪರ್ಸಿ ಅರ್ಲ್ ಸೈನ್ಯ ತಂದು ಸುಮ್ಮನೆ ನಿಂತ. ಉತ್ತರದಲ್ಲಿ ನೆವಿಲ್‌ಗಳ ಉತ್ತರಾಧಿಕಾರಿಯಾಗಿ ಬೆಳೆದಿದ್ದ ರಾಜನಿಗಾಗಿ ಪರ್ಸಿಯೊಬ್ಬ ಪ್ರಾಣ ಕೊಡಬೇಕೆಂದು ಬಯಸುವುದೂ ಹೆಚ್ಚೇ. ಕೊನೆಯ ಗಳಿಗೆಯಲ್ಲಿ ವಿಲಿಯಂ ಸ್ಟ್ಯಾನ್‌ಲಿಯ ಪಡೆ ಎದುರಾಳಿಯ ಪರವಾಗಿ ನುಗ್ಗಿತು. ಅವನ ಅಣ್ಣ ಥಾಮಸ್ ಹೆನ್ರಿ ಟ್ಯೂಡರ್‌ನ ಮಲತಂದೆ. ಟ್ಯೂಡರ್‌ನಿಗೆ ಕಿರೀಟದ ಹಕ್ಕು ಬಂದದ್ದು ತಾಯಿ ಮಾರ್ಗರೆಟ್ ಬೋಫರ್ಟ್‌ಳಿಂದ. ಹೊಸ ರಾಜನು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ನನಗೆ ಬಹಳ ಇಷ್ಟ: ತನ್ನ ಆಳ್ವಿಕೆಯು ಕದನದ ಹಿಂದಿನ ದಿನ, ಆಗಸ್ಟ್ 21ರಂದೇ, ಆರಂಭವಾಯಿತೆಂದು ಅವನು ಲೆಕ್ಕ ಹಾಕಿಸಿದ. ಆಗ 22ರಂದು ರಿಚರ್ಡನ ಪರವಾಗಿ ಹೋರಾಡಿದವರೆಲ್ಲರೂ ರಾಜದ್ರೋಹಿಗಳಾದರು, ಅವರ ಜಮೀನು ಅವನದಾಯಿತು. ಬದುಕಿದ್ದವಳನ್ನು ಸತ್ತವಳೆನ್ನಬಹುದಾದರೆ ಇನ್ನೂ ರಾಜನಾಗದವನನ್ನು ರಾಜನೆನ್ನಲು ಅಡ್ಡಿಯೇನು? ಮರುವರ್ಷದ ಜನವರಿಯಲ್ಲಿ ಅವನು ನಾಲ್ಕನೆಯ ಎಡ್ವರ್ಡನ ಮಗಳು ಎಲಿಜಬೆತ್‌ಳನ್ನು ಮದುವೆಯಾದ. 1487ರ ಜೂನ್ 16ರಂದು ಸ್ಟೋಕ್ ಕದನದಲ್ಲಿ ಯಾರ್ಕ್ ಪಕ್ಷದ ಕೊನೆಯ ದೊಡ್ಡ ಸೈನ್ಯವನ್ನು ಮುರಿದ.

ಅದೇ 1487ರ ಕೊನೆಯಲ್ಲಿ ಪಾರ್ಲಿಮೆಂಟು ಕೌಂಟೆಸ್ ಆನ್‌ಳಿಗೆ ಆದ ಅನ್ಯಾಯವನ್ನು ಸರಿಪಡಿಸಿ ಇಡೀ ಆಸ್ತಿಯನ್ನು ಹಿಂದಿರುಗಿಸಿತು. ಇಬ್ಬರು ಹೆಣ್ಣುಮಕ್ಕಳೂ ಇಬ್ಬರು ಅಳಿಯಂದಿರೂ ಆ ಹೊತ್ತಿಗೆ ಸತ್ತಿದ್ದರು. ಕೆಲವೇ ವಾರಗಳಲ್ಲಿ ಆಕೆ ನೂರಕ್ಕೂ ಮೀರಿದ ಆ ಜಮೀನುಗಳನ್ನು ರಾಜನಿಗೂ ಅವನ ಗಂಡುಸಂತತಿಗೂ ಬರೆದುಕೊಟ್ಟಳು. ಹಿಂದಿರುಗಿಸಿದ್ದೇ ಹಾಗೆ ಬರೆಸಿಕೊಳ್ಳುವುದಕ್ಕಾಗಿ. ಸ್ವಂತ ಜೀವನಕ್ಕೆ ಉಳಿದದ್ದು ಅಲ್ಪ. ಹೀಗೆ ಬರೆದುಕೊಟ್ಟದ್ದರಿಂದ ಹಕ್ಕು ಕಳೆದುಕೊಂಡವನು ಆಕೆಯ ಮೊಮ್ಮಗ, ಕ್ಲಾರೆನ್ಸ್‌ನ ಮಗ ಎಡ್ವರ್ಡ್; ಹತ್ತು ವರ್ಷದವನಿದ್ದಾಗಲೇ ಅವನನ್ನು ಗೋಪುರದಲ್ಲಿ ಬಂಧಿಸಿಟ್ಟಿದ್ದರು. ಅಜ್ಜಿ 1492ರಲ್ಲಿ ತೀರಿಕೊಂಡಳು, ಈ ಸಲ ನಿಜವಾಗಿಯೇ. ಮೊಮ್ಮಗನ ತಲೆಯನ್ನು 1499ರ ನವೆಂಬರ್‌ನಲ್ಲಿ ಕಡಿದರು. ಅವನ ಅಕ್ಕ ಮಾರ್ಗರೆಟ್ ಮುಂದೆ ಎಂಟನೆಯ ಹೆನ್ರಿಯ ಕಾಲದಲ್ಲಿ ಸಾಲ್ಸ್‌ಬರಿಯ ಜಮೀನುಗಳನ್ನು ಕೇಳಿ ಪಡೆದುಕೊಂಡಳು. ವಾರಿಕ್‌ನ ಜಮೀನುಗಳನ್ನು ಅವಳಿಗೆ ಕೊಡಲಿಲ್ಲ.